ಅದು ಸೋಮಾರಿತನ ಅಲ್ಲ, ಸಾಹೇಬ್ರೆ

ಮಾನ್ಯ ಸಂಪಾದಕರೇ,

ಮಂಗಳವಾರ ನಮ್ಮ ಬಡಾವಣೆಯ ಕಚೇರಿಯಲ್ಲಿ ನಡೆದ ಗಲಾಟೆಯ ಬಗ್ಗೆ ನಿಮ್ಮ ನಿನ್ನೆಯ ವರದಿ ಓದಿದೆ. ಸಿಬ್ಬಂದಿಯ ನಿರ್ಲಕ್ಷ್ಯ, ಜನರ ಪರದಾಟ ಅಂತ ಬಂದಿದೆ. ಹಾಗೆ ಪರದಾಡಿದವರಲ್ಲಿ ನಾನೂ ಒಬ್ಬ. ಆದರೆ ನಿಮ್ಮ ವರದಿಗಾರರು ಬರುವ ಹೊತ್ತಿಗೆ ನಡೆಯಬಾರದ್ದು ನಡೆದು ಮುಗಿದಿತ್ತು.

ಕೌಂಟರಿನಲ್ಲಿದ್ದ ಗುಮಾಸ್ತರಿಗೆ ಐವತ್ತರ ಆಸುಪಾಸು. ಒಂದು ಫೈಲು ಬೇರೆ ಟೇಬಲ್ಲಿಗೆ ಹೋಗಿತ್ತು. ಒಳಗಿಂದ ಸಾಹೇಬರು ಎದ್ದು ಬಂದು ಎಲ್ಲರೆದುರು ಕೂಗಾಡಿದರು. "ಸಾರ್, ನನಗೆ ಎಡಿಎಚ್‌ಡಿ ಇದೆ, ಡಾಕ್ಟರ್ ಚೀಟಿ ಕೊಟ್ಟಿದ್ದೀನಿ, ಕೆಲಸ ಬರೆದುಕೊಡಿ ಅಂತ ಕೇಳಿದ್ದೆ" ಅಂದರು ಆ ಗುಮಾಸ್ತರು. ಎಡಿಎಚ್‌ಡಿ ಅಂದರೆ ಗಮನ ಒಂದು ಕಡೆ ನಿಲ್ಲದ, ಚಡಪಡಿಕೆಯ ತೊಂದರೆ. "ಅದು ಮಕ್ಕಳ ಕಾಯಿಲೆ ಕಣ್ರೀ, ಈ ವಯಸ್ಸಲ್ಲಿ ನಿಮಗೆಲ್ಲಿಂದ ಬಂತು? ಸೋಮಾರಿತನಕ್ಕೆ ಹೆಸರು ಬೇರೆ ಕೇಡು" ಅಂದರು ಸಾಹೇಬರು. ಕ್ಯೂನಲ್ಲಿದ್ದವರು ನಕ್ಕರು. ಆ ಗುಮಾಸ್ತರು ಕಂಪ್ಯೂಟರ್ ಅಂಚಿನ ಸುತ್ತ ಹಳದಿ ಚೀಟಿ ಅಂಟಿಸಿಕೊಂಡಿದ್ದರು. ಒಂದು ನನ್ನ ಕಾಲ ಹತ್ತಿರ ಬಿತ್ತು. "ಮೇಲಿನ ಮಹಡಿ ಫೈಲು, 11ಕ್ಕೆ ಮೊದಲು" ಅಂತಿತ್ತು. ಎರಡು ಸಲ ಅಡಿಗೆರೆ ಹಾಕಿದ್ದರು. ಸೋಮಾರಿ ಮನುಷ್ಯ ಹೀಗೆ ಬರೆದಿಟ್ಟುಕೊಳ್ಳುತ್ತಾನಾ?

ನನಗೂ ಅದೇ ತೊಂದರೆ ಇದೆ. ವಯಸ್ಸು 48. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತೇನೆ. ಗೊತ್ತಾಗಿದ್ದು ಎರಡು ವರ್ಷದ ಹಿಂದೆ. ಶಾಲೆಯಲ್ಲಿ ನನ್ನ ಬಗ್ಗೆ "ಹುಡುಗ ಚುರುಕು, ಮನಸ್ಸು ಒಂದು ಕಡೆ ನಿಲ್ಲಲ್ಲ" ಅಂತಿದ್ದರು. ಅಷ್ಟಕ್ಕೇ ಮುಗೀತು. ಸಾಹೇಬರು ಹೇಳಿದ್ದರಲ್ಲಿ ಅರ್ಧ ಮಾತ್ರ ನಿಜ. ಇದು ಚಿಕ್ಕಂದಿನಲ್ಲೇ ಶುರುವಾಗುವಂಥದ್ದು. 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ವೈದ್ಯರ ಕೈಪಿಡಿ ಪ್ರಕಾರ 12 ವರ್ಷಕ್ಕೆ ಮೊದಲೇ ಕೆಲವು ಲಕ್ಷಣ ಕಂಡಿರಬೇಕು. ಅದೇ ಕೈಪಿಡಿ ದೊಡ್ಡವರಿಗೆ ಬೇರೆ ಲೆಕ್ಕ ಕೊಟ್ಟಿದೆ. ಮಕ್ಕಳಿಗೆ 6 ಲಕ್ಷಣ ಬೇಕಾದರೆ 17 ತುಂಬಿದವರಿಗೆ 5 ಸಾಕು. ದೊಡ್ಡವರಿಗೆ ಇಲ್ಲದಿದ್ದರೆ ಇದನ್ನೆಲ್ಲ ಯಾಕೆ ಬರೆಯುತ್ತಿದ್ದರು?

ನಡುವಯಸ್ಸಿನಲ್ಲೇ ಇದು ನನ್ನನ್ನು ಜಾಸ್ತಿ ಕಾಡಿದ್ದು. ಮೊದಲೆಲ್ಲ ನನಗೆ ಒಂದೇ ಲೆಡ್ಜರು. ಕೂತರೆ ಊಟ ಮರೆತು ಮುಗಿಸುತ್ತಿದ್ದೆ. ಸೀನಿಯರ್ ಆದ ಮೇಲೆ ಕೆಲಸ ಮಾಡುವುದಕ್ಕಿಂತ ಕೆಲಸಗಳ ಬೆನ್ನು ಹತ್ತುವುದೇ ಆಯಿತು. ನಾಲ್ಕು ಜನರ ಪ್ರಶ್ನೆ, ಬ್ಯಾಂಕಿನ ಫೋನು, 11ನೇ ತಾರೀಖು, 20ನೇ ತಾರೀಖಿನ ಜಿಎಸ್‌ಟಿ ಗಡುವು. ಜಿಎಸ್‌ಟಿ ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ದಂಡ. ಒಂದು ಸಲ ಲೆಕ್ಕವೆಲ್ಲ ಸಿದ್ಧ ಇತ್ತು, ಸಲ್ಲಿಸುವ ಬಟನ್ ಒತ್ತಿರಲಿಲ್ಲ. ಆರು ದಿನದ ದಂಡ ಕೈಯಿಂದ ಕಟ್ಟಿದೆ. ಯಾರೋ ಬಂದು "ಸಾರ್, ಒಂದ್ ನಿಮಿಷ" ಅಂದರೆ ತಲೆಯಲ್ಲಿ ಹಿಡಿದಿಟ್ಟಿದ್ದು ಜಾರಿಹೋಗುತ್ತದೆ. ಮನೆಯಲ್ಲಿ ವಯಸ್ಸಾದ ಅಮ್ಮನ ಮಾತ್ರೆ, ಮಗಳ ಫೀಸು ಬೇರೆ. ಹೆಂಗಸರಿಗೆ ಮುಟ್ಟು ನಿಲ್ಲುವ ಸಮಯದಲ್ಲಿ ಇದು ಇನ್ನೂ ಹೆಚ್ಚಾಗಬಹುದು ಅಂತ ನನ್ನ ಡಾಕ್ಟರೇ ಹೇಳಿದರು. ಆ ಅಕ್ಕತಂಗಿಯರನ್ನು ಎಷ್ಟು ಕಚೇರಿಗಳಲ್ಲಿ ಮರೆಗುಳಿ ಅಂತ ಬೈಯುತ್ತಿದ್ದಾರೋ!

ಮಾತ್ರೆಯ ಪಾಡೂ ಅಷ್ಟೇ. ನನಗೆ ಬರೆದಿರುವ ಮೀಥೈಲ್‌ಫೆನಿಡೇಟ್ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಬರುತ್ತದೆ. ಸುಮ್ನೆ ಕೇಳಿದರೆ ಕೊಡುವಂಥದ್ದಲ್ಲ, ಸರಿ. ಆದರೆ ಚೀಟಿ ಹಿಡಿದು ಹೋದರೂ ಒಂಟಿಕೊಪ್ಪಲಿನಿಂದ ಅಗ್ರಹಾರದವರೆಗೆ ಕಳೆದ ತಿಂಗಳು ಐದು ಅಂಗಡಿ ಸುತ್ತಿದೆ. ಒಬ್ಬ ಹುಡುಗ ನನ್ನನ್ನು ಕಳ್ಳನನ್ನು ನೋಡುವಂತೆ ನೋಡಿದ. ಅವತ್ತು ಅರ್ಧ ದಿನದ ಸಂಬಳ ಹೋಯಿತು.

ಮಂಗಳವಾರವೂ ಅರ್ಧ ರಜೆ ಹಾಕಿದ್ದೆ. ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು, ಮನೆಯ ಖಾತೆ ಇನ್ನೂ ನಮ್ಮ ಹೆಸರಿಗೆ ಆಗಿಲ್ಲ. ಇದು ನಾಲ್ಕನೇ ಸಲ ಹೋಗಿದ್ದು. ಸಾಹೇಬರ ಕೂಗಾಟದಲ್ಲಿ ಕೌಂಟರ್ ಮುಚ್ಚಿದರು, "ನಾಳೆ ಬನ್ನಿ" ಅಂದರು. ಆ ಕಚೇರಿಯ ಟೋಕನ್ ಯಂತ್ರ ಕೆಟ್ಟು ಎಷ್ಟು ದಿನ ಆಯಿತು? ಯಾರ ಸರದಿ ಅಂತ ಕೂಗಿ ಹೇಳಬೇಕು, ಆ ಗದ್ದಲದಲ್ಲಿ ಗುಮಾಸ್ತರು ಫೈಲು ನೋಡಬೇಕು. ಯಾರ ತಲೆ ತಾನೇ ನಿಲ್ಲುತ್ತದೆ? ನಮ್ಮ ಬೀದಿಯಲ್ಲಿ ಪೈಪಿಗೆ ಅಂತ ಅಗೆದ ಗುಂಡಿ ಮಳೆಗಾಲ ಕಳೆದರೂ ಮುಚ್ಚಿಲ್ಲ. ಬೀದಿ ದೀಪಕ್ಕೆ ಎರಡು ಅರ್ಜಿ ಕೊಟ್ಟೆ, ಉತ್ತರ ಇಲ್ಲ. ಇದನ್ನು ಮರೆತವರಿಗೆ ಯಾರೂ ಬೈಯಲಿಲ್ಲ. ಒಂದು ಫೈಲು ಟೇಬಲ್ ತಪ್ಪಿದ್ದಕ್ಕೆ ಒಬ್ಬ ಮನುಷ್ಯನ ಮಾನ ಕಳೆದರು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ತೊಂದರೆಗಳ ಪಟ್ಟಿ ಇದೆ. ಆಟಿಸಂ ಇದೆ, ಕಲಿಕೆಯ ತೊಂದರೆ ಇದೆ. ಎಡಿಎಚ್‌ಡಿ ಹೆಸರಿಲ್ಲ. ಹಾಗಾಗಿ ನಮ್ಮಂಥವರು ಯಾವ ಕಾರ್ಡು ತೋರಿಸಬೇಕು? ಕೇಳುವುದು ದೊಡ್ಡದೇನೂ ಅಲ್ಲ. ಬಾಯಲ್ಲಿ ಹೇಳುವ ಬದಲು ಬರೆದುಕೊಡಿ. ಗದ್ದಲ ಕಡಿಮೆ ಇರುವ ಕಡೆ ಕೂರಿಸಿ. ನನಗೆ ನಮ್ಮ ಮ್ಯಾನೇಜರ್ ಪ್ರತಿ ಸೋಮವಾರ ಕೆಲಸದ ಪಟ್ಟಿ ಬರೆದುಕೊಡುತ್ತಾರೆ. ಕಾರಣ ಅವರಿಗೂ ಹೇಳಿಲ್ಲ, ಕೇಳಿದ್ದಕ್ಕೆ ಕೊಡುತ್ತಾರೆ. ಆಮೇಲೆ ಒಂದು ರಿಟರ್ನೂ ತಪ್ಪಿಲ್ಲ.

ಸಂಬಂಧಪಟ್ಟವರು ಇದನ್ನು ಗಮನಿಸಬೇಕು. ಆ ಸಾಹೇಬರು ಗುಮಾಸ್ತರ ಹತ್ತಿರ ಕ್ಷಮೆ ಕೇಳಬೇಕು, ಅದೂ ಕೌಂಟರ್ ಮುಂದೆ, ಜನ ಇರುವಾಗಲೇ. ಟೋಕನ್ ಯಂತ್ರವನ್ನೂ ರಿಪೇರಿ ಮಾಡಿಸಲಿ, ನಮ್ಮ ಖಾತೆಯನ್ನೂ ಮುಗಿಸಿಕೊಡಲಿ. ಅಷ್ಟು ಓದಿ ಆ ಕುರ್ಚಿಯಲ್ಲಿ ಕೂತವರಿಗೆ ತಂದೆಯ ವಯಸ್ಸಿನವರ ಜೊತೆ ಹೇಗೆ ಮಾತಾಡಬೇಕು ಅಂತ ಗೊತ್ತಿಲ್ಲ ಅಂದರೆ ಏನು ಹೇಳೋಣ? ನಾಚಿಕೆ ಆಗಬೇಕು.

– ಒಬ್ಬ ಓದುಗ, ಮೈಸೂರು
(ಕೆಲಸದ ಜಾಗದಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ದಯವಿಟ್ಟು ಹೆಸರು ಹಾಕಬೇಡಿ.)