ಯಾಂಗ್‌ಹ್ವಾಜಿನ್ ಸಮಾಧಿಗಳ ಬಗ್ಗೆಯೂ ಬರೀರಿ

ಸಂಪಾದಕರೇ, ಸಿಯೋಲ್ ಪ್ರವಾಸದ ಲೇಖನ ಓದ್ದೆ, ಚೆನ್ನಾಗಿತ್ತು, ಆದ್ರೆ ಅರಮನೆ, ಶಾಪಿಂಗ್, ಕೆ-ಪಾಪ್ ಬಿಟ್ಟು ಹಾನ್ ನದಿ ಪಕ್ಕದ ಯಾಂಗ್‌ಹ್ವಾಜಿನ್ ವಿದೇಶಿ ಮಿಷನರಿಗಳ ಸ್ಮಶಾನದ ಬಗ್ಗೆ ಒಂದು ಸಾಲೂ ಇರ್ಲಿಲ್ಲ. 1890ರಲ್ಲಿ ಮಿಷನರಿ ವೈದ್ಯರಾದ ಡಾಕ್ಟರ್ ಜಾನ್ ಹೆರಾನ್ ಭೇದಿಯಿಂದ ತೀರಿಕೊಂಡಾಗ ಹೂಳೋಕೆ ಜಾಗ ಬೇಕಾಯ್ತು, ಅಲ್ಲಿಂದ ಶುರುವಾದ ಸ್ಮಶಾನ ಅದು. ಅಮೆರಿಕದ ಮಿಷನರಿ ಹೋಮರ್ ಹಲ್ಬರ್ಟ್ ಅಂತೂ, ರಾಜರು, ಗಣ್ಯರನ್ನ ಹೂಳೋ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆ ಚರ್ಚಿಗಿಂತ ಕೊರಿಯಾದಲ್ಲೇ ಮಣ್ಣಾಗ್ತೀನಿ ಅಂದಿದ್ರು, 1949ರಲ್ಲಿ ಹಾಗೇ ಆಯ್ತು, ಆ ಮಾತನ್ನ ಅವರ ಕಲ್ಲಿನ ಮೇಲೇ ಕೆತ್ತಿದ್ದಾರೆ.

ಪತ್ರಿಕೆಯವರಾದ ನಿಮಗೆ ಮುಖ್ಯವಾಗಿ ಹೇಳ್ಬೇಕಾದ್ದು ಅರ್ನೆಸ್ಟ್ ಬೆಥೆಲ್ ವಿಷಯ. ಅವರು ಮಿಷನರಿ ಅಲ್ಲ, ಬ್ರಿಟಿಷ್ ಪತ್ರಕರ್ತ, ಆಗ ಕೊರಿಯಾವನ್ನ ಹಿಡಿತಕ್ಕೆ ತಗೊಂಡಿದ್ದ ಜಪಾನ್ ವಿರುದ್ಧ ಧೈರ್ಯವಾಗಿ ಪೇಪರ್ ನಡೆಸಿ 1909ರಲ್ಲಿ ತೀರಿಕೊಂಡ್ರು. ಅವರ ಸಮಾಧಿ ಕಲ್ಲಿನ ಬರಹವನ್ನ ಜಪಾನಿನವರು ಕೆತ್ತಿ ಅಳಿಸಿಬಿಟ್ರು, ಕೊರಿಯಾದ ಪತ್ರಕರ್ತರು 1964ರಲ್ಲಿ ಪಕ್ಕದಲ್ಲೇ ಇನ್ನೊಂದು ಕಲ್ಲು ನಿಲ್ಲಿಸಿ ಅದನ್ನೇ ಮತ್ತೆ ಬರೆಸಿದ್ರು. ಕೊರಿಯಾ ಯುದ್ಧದ ಗುಂಡಿನ ಗುರುತುಗಳೂ ಅಲ್ಲಿನ ಕಲ್ಲುಗಳ ಮೇಲಿವೆ.

ಇಷ್ಟೆಲ್ಲ ಒಂದೇ ಕಡೆ ಸಿಗೋ ಜಾಗ ಬಿಟ್ಟು ಸಿಯೋಲ್ ಬಗ್ಗೆ ಬರೆಯೋದು ಹೇಗೆ ಸ್ವಾಮಿ? ಭಾನುವಾರದ ಪುರವಣಿಯಲ್ಲಿ ಫೋಟೋ ಸಮೇತ ಒಂದು ಪೂರ್ತಿ ಪುಟ ಕೊಡಿ.

— ಓರ್ವ ಓದುಗ, ಮೈಸೂರು