ಕರಿಹೊಳೆಯ ಬಂದರಿನಿಂದ

ಮನೌಸ್, ಬ್ರೆಜಿಲ್
ಮೇ 18

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿ ಮೊನ್ನೆ ಮುಗಿಯಿತು. ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೇ ರೇಂಜ್ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ತೋಟದ ರಬ್ಬರ್ ಮರದ ತವರಿಗೆ ಬಂದಿದ್ದೇನೆ ಅಪ್ಪ. ಸಮುದ್ರ ಇಲ್ಲಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ, ಆದರೂ ದೊಡ್ಡ ಹಡಗುಗಳು ಊರ ಬುಡಕ್ಕೇ ಬರುತ್ತವೆ. ಹೊಳೆಯ ಹೆಸರು ರಿಯೊ ನೆಗ್ರೊ, ಅಂದರೆ ಕರಿಹೊಳೆ. ನೀರು ಥೇಟ್ ಹಾಲು ಹಾಕದ ಕಾಫಿ. ಈಗ ತುಂಬಿ ಹರಿಯುತ್ತಿದೆ. ನಮ್ಮೂರ ಪಯಸ್ವಿನಿ ಹೊಳೆಯ ನೆರೆಯನ್ನು ಇನ್ನು ನಾನು ನೆರೆ ಅನ್ನಲಾರೆ.

1853ರಲ್ಲಿ ಇಲ್ಲಿಗೆ ಉಗಿಹಡಗು ಶುರುವಾಯಿತು. 1867ರಲ್ಲಿ ಹೊರದೇಶದ ಹಡಗುಗಳಿಗೂ ದಾರಿ ಬಿಟ್ಟರು. 1888ರಲ್ಲಿ ಡನ್‌ಲಪ್ ಗಾಳಿ ತುಂಬುವ ಟಯರ್ ಮಾಡಿದ ಮೇಲಂತೂ ರಬ್ಬರಿಗೆ ಬಂದ ರೇಟು ಕೇಳಬೇಡಿ. ಆ ದುಡ್ಡಿನಲ್ಲಿ ಕಟ್ಟಿದ ನಾಟಕಶಾಲೆ 1896ರಲ್ಲಿ ತೆರೆಯಿತು. ಅಮೃತಶಿಲೆ ಇಟಲಿಯದು, ಗುಮ್ಮಟಕ್ಕೆ 36,000 ಬಣ್ಣದ ಹಂಚು. ಗೈಡ್ ಹೊಗಳಿದ್ದೇ ಹೊಗಳಿದ್ದು. ನನಗೆ ಅಷ್ಟೇನೂ ಹಿಡಿಸಲಿಲ್ಲ.

ಹಿಡಿಸಿದ್ದು ದೋಣಿಯಲ್ಲಿ ಹೋಗಿ ನೋಡಿದ ರಬ್ಬರ್ ಮ್ಯೂಸಿಯಂ. ಇಲ್ಲಿ ಮರ ನಮ್ಮಲ್ಲಿಯ ಹಾಗೆ ಸಾಲಿನಲ್ಲಿಲ್ಲ. ಕಾಡಿನಲ್ಲಿ ಒಂದು ಇಲ್ಲಿ, ಇನ್ನೊಂದು ಎಲ್ಲೋ. ನೂರು ಚಿಲ್ಲರೆ ಮರ ಸುತ್ತಿಸಿ ಒಂದು ಕಾಲುದಾರಿ. ಬೆಳಗಾಗುವ ಮೊದಲೇ ಹೊರಟು ಕೆತ್ತಬೇಕು, ಮತ್ತೆ ಅದೇ ದಾರಿ ಸುತ್ತಿ ಹಾಲು ತರಬೇಕು. ಕೆತ್ತುವುದಕ್ಕೆ ನಮ್ಮ ಟ್ಯಾಪಿಂಗ್ ಕತ್ತಿಯಲ್ಲ, ಸಣ್ಣ ಕೊಡಲಿ! ನೀವು ನೋಡಿದ್ದರೆ ಬೈದೇಬಿಡುತ್ತಿದ್ದಿರಿ. ಶೀಟ್ ಹೊಡೆಯುವ ಮೆಷಿನ್ನೂ ಇಲ್ಲ. ತಾಳೆಜಾತಿಯ ಕಾಯಿ ಉರಿಸಿ, ಆ ಹೊಗೆಯ ಮೇಲೆ ಕೋಲು ತಿರುಗಿಸುತ್ತಾ ಹಾಲು ಹೊಯ್ಯುತ್ತಾ ದೊಡ್ಡ ಉಂಡೆ ಕಟ್ಟುವುದು. ಆ ಗುಡಿಸಲಿನೊಳಗೆ ನಿಂತೆ, ನಮ್ಮ ಹೊಗೆಮನೆಯದೇ ವಾಸನೆ. ಪಟ್ಟಣದ ಗೋದಾಮಿನಲ್ಲಿ ಉಂಡೆಯನ್ನು ಸೀಳಿ ನೋಡುತ್ತಿದ್ದರಂತೆ, ತೂಕಕ್ಕೆ ಒಳಗೆ ಕಲ್ಲು ಸೇರಿಸಿದ್ದಾರೋ ಅಂತ.

ಕಲ್ಲು ಸೇರಿಸಿದವನನ್ನು ನಾನು ಬೈಯಲಾರೆ. ಪಟ್ಟಣದ ಸಾಹುಕಾರ ಕಾಡಿನ ಧಣಿಗೆ ಸಾಮಾನು ಸಾಲ ಕೊಡುತ್ತಿದ್ದ, ಧಣಿ ಅದನ್ನೇ ದುಪ್ಪಟ್ಟು ಬೆಲೆಗೆ ಕೆತ್ತುವವನಿಗೆ. ಹಿಟ್ಟು, ಬಂದೂಕು, ಕೊಡಲಿ ಎಲ್ಲ ಧಣಿಯ ಅಂಗಡಿಯಲ್ಲೇ, ಲೆಕ್ಕದ ಪುಸ್ತಕವೂ ಅವನದೇ. ಸಾಲ ತೀರದೆ ಕಾಡು ಬಿಡುವ ಹಾಗಿಲ್ಲ. ಬಂದವರಲ್ಲಿ ಬಹಳ ಜನ ಬ್ರೆಜಿಲಿನದೇ ಈಶಾನ್ಯದ ಸೆಯಾರಾ ಕಡೆಯವರು, 1877ರ ಬರದಲ್ಲಿ ಊರು ಬಿಟ್ಟವರು. ಅಜ್ಜಿ ಹೇಳುತ್ತಿದ್ದರಲ್ಲ ಧಾತು ಈಶ್ವರದ ಬರ? ಮೈಸೂರು ಸೀಮೆಯಲ್ಲಿ ಅದು ಆದದ್ದೂ ಅದೇ ಹೊತ್ತಿಗೆ.

ಸೆಯಾರಾದ ಬರಕ್ಕೆ ಒಂದು ವರ್ಷ ಮೊದಲು, 1876ರಲ್ಲಿ, ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು ಇಲ್ಲಿಂದ ಕೆಳಗಿನ ತಪಜೋಸ್ ಹೊಳೆಯ ದಡದಿಂದ ಸುಮಾರು 70,000 ಬೀಜ ಲಂಡನ್ನಿಗೆ ಸಾಗಿಸಿದ. ಹುಟ್ಟಿದ್ದು 2,700ರಷ್ಟು. ಅದರಲ್ಲಿ ಹೆಚ್ಚಿನವು ಸಿಲೋನಿಗೆ ಹೋದವು. ನಮ್ಮ ಸುಳ್ಯದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದ ತಮಿಳರು ಬಂದ ಅದೇ ಸಿಲೋನು! 1913ರ ಹೊತ್ತಿಗೆ ಏಷ್ಯಾದ ತೋಟದ ರಬ್ಬರ್ ಇಲ್ಲಿಯದನ್ನು ಮೀರಿತು, ಈ ಊರು ಮಲಗಿತು. ಇಲ್ಲಿಯವರು ಈಗಲೂ ವಿಕ್‌ಹ್ಯಾಮನನ್ನು ಕಳ್ಳ ಅನ್ನುತ್ತಾರೆ. ನಾನು ಸುಮ್ಮನಿದ್ದೆ, ಕಳ್ಳಮಾಲಿನಲ್ಲೇ ಅಲ್ಲವೇ ನನ್ನ ಕಾಲೇಜು ಫೀಸು ಕಟ್ಟಿದ್ದು.

ಮರಗಳಿಗೆ ಪ್ಲಾಸ್ಟಿಕ್ ಹಾಕಿಸಿ ಆಯಿತೇ? ಮಳೆ ಹಿಡಿಯುವ ಮೊದಲು ಮುಗಿಸಿ. ಆಚೆಬದಿಯ ಗುಡ್ಡದ ಮರಗಳಿಗೆ ನೀವೇ ಹತ್ತಿ ಹೋಗಬೇಡಿ, ಆಳು ಕರೆಯಿರಿ. ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗ