ಆ ಕೇಕ್ ಆರಿರಲಿಲ್ಲ, ಪುಟ್ಟಿ

ಪುಟ್ಟಿಗೆ,

ಭಾನುವಾರದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ, ಪಕ್ಕದ ಮನೆಯವರಿಗೂ ಕೇಳಿಸಿದೆ. ನೀನು ಊಟ ಮಾಡದೆ ಮೈಸೂರು ಬಸ್ಸು ಹತ್ತಿದೆ. ನನಗೆ ಫೋನಿನಲ್ಲಿ ದನಿ ಬೇಗ ಜೋರಾಗುತ್ತದೆ, ಅದಕ್ಕೇ ಪತ್ರ.

ಬ್ಯಾಂಕಿಗೆ ರಾಜೀನಾಮೆ ಕೊಟ್ಟಾಗಿದೆ, ನೋಟಿಸ್ ಮುಗಿದ ಮೇಲೆ ಪೂರ್ತಿ ಕೇಕ್ ಕೆಲಸವೇ ಅಂದೆ ನೀನು. ಅದರ ಬಗ್ಗೆ ಬರೆಯೋಣ ಅಂತಲೇ ಕೂತೆ. ಆದರೆ ಕಣ್ಣ ಮುಂದೆ ಬರುತ್ತಿರುವುದು ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬದ ಕೇಕ್.

ರುಚಿಗೆ ಏನೂ ಹೇಳುವ ಹಾಗಿರಲಿಲ್ಲ ಬಿಡು. ಅಜ್ಜಿ ಮೊಟ್ಟೆ ತಿನ್ನುವುದಿಲ್ಲ ಅಂತ ಮೊಸರು, ಸೋಡಾ ಹಾಕಿ ಮಾಡಿದ್ದೆ. ಮೂರು ಪದರ, ಮಧ್ಯೆ ಅನಾನಸ್, ಸುತ್ತ ಬೆಣ್ಣೆಯ ಐಸಿಂಗ್. ನೆಂಟರು ಸಂಜೆ ಆರಕ್ಕೆ ಬರುವವರು. ಮಧ್ಯಾಹ್ನ ಕರೆಂಟ್ ಹೋಗಿ ಎಲ್ಲ ತಡವಾಗಿತ್ತು. ನೀನು ಕೊನೆಯ ಟಿನ್ನನ್ನು ಓವನ್ನಿನಿಂದ ತೆಗೆದು ಫ್ಯಾನಿನ ಕೆಳಗೆ ಇಟ್ಟೆ. ಮೇಲೆ ಬೆರಳಿಟ್ಟು ನೋಡಿ "ಆರಿದೆ" ಅಂದೆ. ಮೇಲೇನೋ ಆರಿತ್ತು. ತಳ ಮುಟ್ಟಿ ನೋಡು ಅಂದೆ ನಾನು. "ಅಪ್ಪಾ, ಸುಮ್ನಿರಿ" ಅಂದೆ ನೀನು.

ಎಲ್ಲರೂ ಹಾಡು ಹೇಳುತ್ತಿದ್ದಾಗ ಮೇಲಿನ ಪದರ ಕಿಟಕಿ ಕಡೆಗೆ ಜರುಗಲು ಶುರುವಾಯಿತು. ಎಷ್ಟು ನಿಧಾನ ಅಂದರೆ, ಮೊದಲು ಯಾರಿಗೂ ಗೊತ್ತೇ ಆಗಲಿಲ್ಲ. ನಾನು ಮಾತ್ರ ಅದನ್ನೇ ನೋಡುತ್ತಿದ್ದೆ. ನೀನು ಅಂಗೈ ಒತ್ತಿ ಹಿಡಿದೆ. ಐಸಿಂಗ್ ಎಣ್ಣೆಯಾಗಿ ನಿನ್ನ ಬೆರಳ ಸಂದಿಯಿಂದ ಇಳಿಯಿತು. ಅಜ್ಜಿ "ಒಂದು ಚಮಚ ಕೊಡ್ರೋ, ಹಂಗೇ ತಿಂತೀನಿ" ಅಂದರು. ಎಲ್ಲರೂ ನಕ್ಕರು, ನೀನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ತುಂಬಾ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದೆ. ಅದು ಅಮ್ಮನಿಗೆ ಗೊತ್ತಿಲ್ಲ. ನನಗೆ ಗೊತ್ತು.

ಆ ಕೇಕ್ ಯಾಕೆ ಜಾರಿತು ಅಂತ ನಾನು ಯೋಚಿಸಿದಷ್ಟು ನೀನು ಯೋಚಿಸಿದ್ದೀಯೋ ಇಲ್ಲವೋ. ಏಪ್ರಿಲ್‌ನಲ್ಲಿ ನಮ್ಮ ಮಂಡ್ಯದ ಬಿಸಿಲು 35 ಡಿಗ್ರಿ ಮುಟ್ಟುತ್ತದೆ. ಬೆಣ್ಣೆ 30ರ ಹತ್ತಿರಕ್ಕೇ ಬಳುಕುತ್ತದೆ, 35ಕ್ಕೆ ಕರಗಿಯೇ ಹೋಗುತ್ತದೆ. ಹೊರಗಿನ ಸೆಕೆಯೇ ಸಾಕಾಗಿತ್ತು. ಒಳಗಿನಿಂದ ಕೇಕ್ ಬೇರೆ ಬಿಸಿ ಕೊಡುತ್ತಿತ್ತು. ಅನಾನಸ್ ಚೂರುಗಳನ್ನು ಜರಡಿಯಲ್ಲಿ ಬಸಿದಿರಲಿಲ್ಲ. ಅದರ ನೀರು ಪದರಗಳ ನಡುವೆ ಸೇರಿಕೊಂಡಿತು. ಅಂಚಿಗೆ ಗಟ್ಟಿ ಐಸಿಂಗಿನ ಕಟ್ಟೆ ಕಟ್ಟಿ ಒಳಗೆ ಹಣ್ಣು ತುಂಬಬೇಕು ಅಂತ ನೀನೇ ಒಮ್ಮೆ ನನಗೆ ಹೇಳಿದ್ದೆ. ಅವತ್ತು ಕಟ್ಟೆ ಇರಲಿಲ್ಲ. ಮೊಟ್ಟೆ ಇಲ್ಲದ ಕೇಕಿಗೆ ಹಿಡಿತವೂ ಕಮ್ಮಿ, ಬಿಸಿಯಲ್ಲಿ ಮುಟ್ಟಿದರೆ ಉದುರುತ್ತದೆ. ಆರುವಾಗಲೇ ಅದರ ಒಳಗು ಗಟ್ಟಿಯಾಗುವುದು. ಟಿನ್ನಿನಲ್ಲಿ ಹತ್ತು ನಿಮಿಷ, ಆಮೇಲೆ ಜಾಲರಿ ಮೇಲೆ ಒಂದೆರಡು ಗಂಟೆ. ಆಮೇಲೂ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಉಬ್ಬಿದ ತಲೆಯನ್ನು ಗರಗಸದ ಚಾಕುವಿನಲ್ಲಿ ನೇರವಾಗಿ ಕತ್ತರಿಸಬಹುದು. ನೋಡು, ನಿನ್ನ ಕೆಲಸವನ್ನು ನಿನಗೇ ಪಾಠ ಮಾಡುತ್ತಿದ್ದೇನೆ. ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಇವನ್ನೇ ನೋಡುತ್ತಿರುತ್ತೇನೆ, ಅದಕ್ಕೆ.

ನಾನು ಸರ್ವೀಸ್ ಪೂರ್ತಿ ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಕುದಿಸುವ ಪ್ಯಾನಿನ ಮುಂದೆ ನಿಂತವನು. 1933ರಲ್ಲಿ ಮೈಷುಗರ್ ಕಂಪನಿ ಹುಟ್ಟಿದ ಮೇಲೆ ಈ ಊರಲ್ಲಿ ಎಷ್ಟೋ ಮನೆಗಳ ಅನ್ನ ಆ ಹರಳಿನಿಂದ ಬಂದಿದೆ, ನಮ್ಮದೂ. ಪ್ಯಾನಿನ ಒಳಗಿನ ಗಾಳಿ ಎಳೆದಿರುತ್ತಾರೆ. ಹಾಗಾಗಿ ಪಾಕ 70 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಸೀದು ಕಪ್ಪಾಗುವುದಿಲ್ಲ. ಅದಕ್ಕೆ ಬೀಜದ ಹಾಗೆ ಸಣ್ಣ ಹರಳು ಹಾಕಿ ಬೆಳೆಸಬೇಕು. ಪ್ರೂಫ್ ಸ್ಟಿಕ್ಕಿನಲ್ಲಿ, ಅಂದರೆ ಮಾದರಿ ತೆಗೆಯುವ ಕೋಲಿನಲ್ಲಿ, ಒಂದಿಷ್ಟು ತೆಗೆದು, ಗಾಜಿಗೆ ಸವರಿ, ಬಲ್ಬಿನ ಬೆಳಕಿಗೆ ಹಿಡಿದು ನೋಡುವುದು, ಮತ್ತೆ ಕಾಯುವುದು. ಆತುರಪಟ್ಟು ಪಾಕವನ್ನು ಜಾಸ್ತಿ ಗಟ್ಟಿ ಮಾಡಿದೆವೋ, ಇರುವ ಹರಳು ಬೆಳೆಯುವ ಬದಲು ಹೊಸದಾಗಿ ಪುಡಿ ಹರಳು ಏಳುತ್ತದೆ. ಫಾಲ್ಸ್ ಗ್ರೇನ್ ಅನ್ನುತ್ತಿದ್ದೆವು. ಅದು ಹರಳನ್ನೂ ಪಾಕವನ್ನೂ ಗಿರಗಿರ ತಿರುಗಿಸಿ ಬೇರೆ ಮಾಡುವ ಸೆಂಟ್ರಿಫ್ಯೂಗಲ್ ಯಂತ್ರದ ಜಾಲರಿಗೆ ಅಡರಿಕೊಂಡರೆ ಇಡೀ ಶಿಫ್ಟಿನವರ ಬೈಗುಳ ನಮಗೆ.

ನೀನು ಕೆಲಸ ಬಿಟ್ಟೆ ಅಂದಾಗ ನನಗೆ ಆ ಪುಡಿ ಹರಳೇ ನೆನಪಾಯಿತು. ಕೇಕ್ ಕೀಳು, ಬ್ಯಾಂಕ್ ಮೇಲು ಅಂತ ಅಲ್ಲ. ಅವತ್ತು ಹಾಗೆ ಕೇಳಿಸಿದ್ದರೆ ಅದು ನನ್ನ ಗಂಟಲಿನ ದೋಷ. ಆದರೆ ಹಬ್ಬದ ತಿಂಗಳಲ್ಲಿ ಬಂದ ಆರ್ಡರ್ ನೋಡಿ ವರ್ಷಪೂರ್ತಿ ಹೀಗೇ ಅಂತ ಲೆಕ್ಕ ಹಾಕಿದ್ದೀಯಲ್ಲ, ಆ ಲೆಕ್ಕದ ತಳ ಮುಟ್ಟಿ ನೋಡಿದ್ದೀಯಾ? ಆಷಾಢದಲ್ಲಿ ಎಷ್ಟು ಕೇಕ್ ಹೋದವು? ಬೆಣ್ಣೆ, ಮೈದಾ, ಕರೆಂಟು ಬರೆದಿಟ್ಟಿದ್ದೀಯ, ಸರಿ. ಡಬ್ಬ, ಕೆಳಗಿನ ಹಲಗೆ, ಹಾಳಾಗಿ ಎಸೆದ ಕ್ರೀಮು? ನಿನ್ನ ನಿದ್ದೆಗೆಟ್ಟ ರಾತ್ರಿಗಳಿಗೆ ಎಷ್ಟು ಹಾಕಿದ್ದೀಯ? ಸೊನ್ನೆ ಹಾಕಿರುತ್ತೀಯ, ನನಗೆ ಗೊತ್ತು. ಮನೆಯಲ್ಲೇ ಮಾಡಿ ಮಾರಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಅದನ್ನು ಮೊದಲು ಮಾಡಿಸು. ದೊಡ್ಡ ಓವನ್ನಿಗೆ ಸಾಲ ಈಗಲೇ ಬೇಡ.

ಇನ್ನೊಂದು. ಮೈಸೂರಿನಲ್ಲೇ ಇದ್ದೀಯ. ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಅಲ್ಲಿ ಹಿಟ್ಟು ಮತ್ತು ಬೇಕಿಂಗಿಗೆ ಅಂತಲೇ ಒಂದು ವಿಭಾಗ ಇದೆ. ಚಿಕ್ಕ ಚಿಕ್ಕ ಕೋರ್ಸ್ ನಡೆಸುತ್ತಾರೆ. ಹೋಗಿ ವಿಚಾರಿಸು. ವಿಡಿಯೋ ನೋಡಿ ಕಲಿತದ್ದು ತಪ್ಪಲ್ಲ, ಆದರೆ ಯಾಕೆ ಹೀಗಾಯಿತು ಅಂತ ತಿರುಗಿ ಕೇಳಿದರೆ ವಿಡಿಯೋ ಉತ್ತರ ಕೊಡುವುದಿಲ್ಲ.

ಮತ್ತೆ ಬೆಲ್ಲ. ನಗಬೇಡ. ನಮ್ಮ ಊರಿನ ಬೆಲ್ಲ ಹಾಕಿ ಒಂದು ಕೇಕ್ ಯಾಕೆ ಮಾಡಬಾರದು? ಬೆಲ್ಲ ತೇವ ಹಿಡಿದಿಡುತ್ತದೆ, ಕೇಕ್ ಮಾರನೇ ದಿನವೂ ಮೆತ್ತಗಿರುತ್ತದೆ. ಅದರಲ್ಲಿ ಸ್ವಲ್ಪ ಹುಳಿ ಇರುವುದರಿಂದ ಸೋಡಾಗೂ ಕೆಲಸ ಸಿಗುತ್ತದೆ. ನೀರಲ್ಲಿ ಕರಗಿಸಿ ಸೋಸಿಕೋ, ಇಲ್ಲದಿದ್ದರೆ ಕಬ್ಬಿನ ಸಿಪ್ಪೆ, ಮರಳು ಹಲ್ಲಿಗೆ ಸಿಗುತ್ತದೆ. ಐಸಿಂಗಿಗೆ ಮಾತ್ರ ಬೆಲ್ಲ ಬೇಡ, ಸಕ್ಕರೆ ಪುಡಿಯೇ ಇರಲಿ. ಅದನ್ನು ಮಿಕ್ಸಿಯಿಂದ ಸೀದಾ ಬೆಣ್ಣೆಗೆ ಸುರಿಯಬೇಡ, ಜರಡಿ ಹಿಡಿ. ಅಜ್ಜಿಯ ಕೇಕಿನಲ್ಲಿ ಹರಳು ನನ್ನ ಹಲ್ಲಿಗೆ ಸಿಕ್ಕಿತ್ತು. ಬೇರೆ ಯಾರಿಗೂ ತಿಳಿದಿರಲಿಕ್ಕಿಲ್ಲ. ನನ್ನ ಹಲ್ಲಿನಿಂದ ಹರಳು ತಪ್ಪಿಸಿಕೊಳ್ಳಲಾರದು!

ಕುವೆಂಪುನಗರದ ನಿನ್ನ ರೂಮಿಗೆ ಬಂದಿದ್ದ ರಾತ್ರಿ ನಾನು ಮಲಗಿದ್ದೆ ಅಂದುಕೊಂಡಿದ್ದೀಯ. ಮಲಗಿರಲಿಲ್ಲ. ನೀನು ತಿರುಗುವ ಮಣೆ ಮೇಲೆ ಕೇಕ್ ಇಟ್ಟು, ಮೊದಲು ತೆಳ್ಳಗೆ ಒಂದು ಕೈ ಐಸಿಂಗ್ ಬಳಿದು, ಉದುರುವ ಪುಡಿಯನ್ನೆಲ್ಲ ಅದರಲ್ಲೇ ಅಂಟಿಸಿ, ಫ್ರಿಜ್ಜಿನಲ್ಲಿ ಇಟ್ಟೆ. ಕ್ರಂಬ್ ಕೋಟ್ ಅನ್ನುತ್ತಾರಂತೆ, ಆಮೇಲೆ ತಿಳಿಯಿತು. ಅರ್ಧ ಗಂಟೆ ಗೋಡೆಗೆ ಒರಗಿ ಕೂತಿದ್ದೆ. ಫೋನ್ ಸಹ ಮುಟ್ಟಲಿಲ್ಲ. ಆಮೇಲೆ ಎರಡನೇ ಕೈ ಬಳಿದು, ಐಸಿಂಗ್ ಸಮ ಮಾಡುವ ಪಟ್ಟಿಯನ್ನು ಅಲುಗಾಡದಂತೆ ಹಿಡಿದು ಮಣೆಯನ್ನು ಮಾತ್ರ ತಿರುಗಿಸಿದೆ. ಅಂಚು ಎಷ್ಟು ನೇರವಾಗಿ ಬಂತು! ಪ್ಯಾನ್ ಮನೆಯಲ್ಲಿ ಅಂಥ ಕೈ ಇದ್ದವರು ಇಬ್ಬರೋ ಮೂವರೋ. ಅಷ್ಟು ಕಾಯುವ ಹುಡುಗಿ ಹಗಲು ಹೊತ್ತು ಎಲ್ಲಿಗೆ ಹೋಗುತ್ತಾಳೆ ಅನ್ನುವುದೇ ನನ್ನ ಚಿಂತೆ.

ಅಮ್ಮನ ಎದುರು ಆಡಿದ ಆ ಒಂದು ಮಾತು ವಾಪಸ್ ತೆಗೆದುಕೊಂಡಿದ್ದೇನೆ. ಉಳಿದವನ್ನು ತೆಗೆದುಕೊಂಡಿಲ್ಲ.

ಎದುರು ಮನೆಯವರ ಮೊಮ್ಮಗನ ಹುಟ್ಟುಹಬ್ಬ ಮುಂದಿನ ತಿಂಗಳು 18ಕ್ಕೆ. ನಿನ್ನ ಕೇಕೇ ಬೇಕಂತೆ. ಎರಡು ಕೆಜಿ, ಮೊಟ್ಟೆ ಇಲ್ಲದ್ದು. ರೇಟು ನೀನೇ ಹೇಳು, ಪರಿಚಯದವರು ಅಂತ ಇಳಿಸಬೇಡ. ಅರ್ಧ ದುಡ್ಡು ಮುಂಗಡ ಇಸಿದುಕೊಂಡಿದ್ದೇನೆ. ಹಿಂದಿನ ರಾತ್ರಿಯೇ ಬೇಯಿಸಿಕೋ. ಸ್ಕೂಟರಿನಲ್ಲಿ ತರುವ ಯೋಚನೆ ಬೇಡ. ಹೈವೇಗೆ ಬಿಡುವುದಿಲ್ಲ, ಸರ್ವೀಸ್ ರೋಡಿನ ಹಂಪುಗಳಿಗೆ ಯಾವ ಕೇಕೂ ಉಳಿಯುವುದಿಲ್ಲ. ಕಾರಿಗೆ ಹೇಳಿದ್ದೇನೆ, ಬೆಳಗ್ಗೆ ಏಳಕ್ಕೆ ನಿನ್ನ ಗೇಟಿನ ಹತ್ತಿರ ಇರುತ್ತದೆ. ಏಸಿ ಹಾಕಿಸು, ಡಬ್ಬ ಸೀಟಿನ ಮೇಲೆ ಇಡಬೇಡ, ಕೆಳಗೆ ಸಮ ಇರುವ ಕಡೆ ಇಡು. ಕಾರಿನ ಬಾಡಿಗೆಯನ್ನೂ ರೇಟಿಗೆ ಸೇರಿಸು.

ಅಪ್ಪ